ಗ್ರೆಪ್: ಪಠ್ಯಶೋಧನೆಯ ಒಂದು ಚಾರಿತ್ರಿಕ ವಿವೇಚನೆ

1

ಹಳೆಗನ್ನಡ ಕಾವ್ಯಗಳ ಭಾಷೆಯನ್ನು ಕುರಿತು ಬರೆಯುವವರು ಮೇಲಿಂದ ಮೇಲೆ ಬಳಸುವ ವಾಕ್ಯವೊಂದಿದೆ: ‘ಈ ಪದಕ್ಕೆ ಈ ಕವಿಯಲ್ಲಿ ಬೇರೆ ಪ್ರಯೋಗ ದೊರೆಯುವುದಿಲ್ಲ.’ ಓದುವಾಗ ಸರಳವಾಗಿ ತೋರುವ ಈ ಮಾತಿನ ಹಿಂದೆ ಇಡೀ ಕಾವ್ಯವನ್ನು ಆ ಒಂದು ಪದಕ್ಕಾಗಿಯೇ ಮೊದಲಿಂದ ಕೊನೆಯವರೆಗೆ ಶೋಧಿಸಿದ ಶ್ರಮವಿರಬೇಕು. ‘ಇದೆ’ ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ‘ಇಲ್ಲ’ ಎನ್ನುವುದಕ್ಕೆ ಸಮಸ್ತ ಪಠ್ಯವೂ ಸಾಕ್ಷಿ ನುಡಿಯಬೇಕು. ಸಂಶೋಧನೆಯಲ್ಲಿ ಅತ್ಯಂತ ಕಷ್ಟದ ಮಾತು ‘ಇಲ್ಲ’ ಎಂಬುದೇ.

ಈ ಶ್ರಮವನ್ನು ಹಗುರಗೊಳಿಸುವ ಪ್ರಯತ್ನಗಳಿಗೆ ದೀರ್ಘ ಇತಿಹಾಸವಿದೆ. ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಸೇಂಟ್ ಜಾಕ್ ಮಠದ ಡೊಮಿನಿಕನ್ ಸಂನ್ಯಾಸಿಗಳು ಹ್ಯೂ ಎಂಬ ವಿದ್ವಾಂಸನ ಮೇಲ್ವಿಚಾರಣೆಯಲ್ಲಿ ಲ್ಯಾಟಿನ್ ಬೈಬಲಿಗೆ ಪದಪ್ರಯೋಗ ಕೋಶವನ್ನು ಸಿದ್ಧಪಡಿಸಿದರು. ಅದೇ ಶತಮಾನದಲ್ಲಿ ಬಾಳಿದ ಥಾಮಸ್ ಅಕ್ವಿನಾಸನ ಕೃತಿಗಳಿಗೆ ಇಂಥ ಕೋಶವನ್ನು ರಚಿಸಲು ರೊಬೆರ್ತೊ ಬುಸಾ ಎಂಬ ಇಟಲಿಯ ಜೆಸ್ವಿಟ್ ಪಾದ್ರಿ 1949ರಲ್ಲಿ ಐಬಿಎಂ ಸಂಸ್ಥೆಯ ನೆರವನ್ನು ಕೋರಿದರು. ಸುಮಾರು 1.1 ಕೋಟಿ ಪದಗಳನ್ನು ರಂಧ್ರಪತ್ರಗಳಿಗೆ ಇಳಿಸಿ ವಿಂಗಡಿಸಿದ ಆ ಮಹಾಕಾರ್ಯ 56 ಸಂಪುಟಗಳಾಗಿ ಮುದ್ರಣಗೊಂಡುದು 1970ರ ದಶಕದಲ್ಲಿ ಆರಂಭವಾಗಿ 1980ರ ವೇಳೆಗೆ. ನಮ್ಮಲ್ಲಿಯೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕಾವ್ಯಗಳಿಂದಲೂ ಶಾಸನಗಳಿಂದಲೂ ಪ್ರಯೋಗಗಳನ್ನು ಚೀಟಿಗಳ ಮೇಲೆ ಎತ್ತಿ ಬರೆದುಕೊಂಡ ಹಲವು ದಶಕಗಳ ಪರಿಶ್ರಮದ ಫಲ. ಈ ಲೇಖಕನ ತಲೆಮಾರಿನ ಸಂಶೋಧಕರು ಪಿಎಚ್.ಡಿ. ಪ್ರಬಂಧಕ್ಕಾಗಿ ಬೂಟಿನ ಪೆಟ್ಟಿಗೆಗಳಲ್ಲಿ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿಟ್ಟುಕೊಂಡವರೇ.

ಇಂದು ಅದೇ ಕೆಲಸವನ್ನು ಗಣಕಯಂತ್ರದ ಮುಂದೆ ಕುಳಿತು, ಕಮಾಂಡ್ ಲೈನಿನಲ್ಲಿ ಒಂದು ಸಾಲನ್ನು ಬೆರಳಚ್ಚಿಸಿ, ಕ್ಷಣಾರ್ಧದಲ್ಲಿ ಮಾಡಬಹುದು. ಆ ಸಾಲಿನ ಮೊದಲ ಪದ ಸಾಮಾನ್ಯವಾಗಿ ‘ಗ್ರೆಪ್’. ಈ ಸಲಕರಣೆ ಹೇಗೆ ಹುಟ್ಟಿತು, ಅದರ ಹುಟ್ಟಿಗೂ ಸಾಹಿತ್ಯಚರಿತ್ರೆಯ ಒಂದು ಪ್ರಶ್ನೆಗೂ ಇರುವ ನಂಟೇನು, ಕನ್ನಡ ಪಠ್ಯಗಳ ಮೇಲೆ ಪ್ರಯೋಗಿಸುವಾಗ ಅದರ ‘ಇಲ್ಲ’ವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2

ಗ್ರೆಪ್ಪಿನ ತಾತ್ತ್ವಿಕ ಮೂಲವಿರುವುದು ಪಠ್ಯದಲ್ಲಿಯೂ ಅಲ್ಲ, ಗಣಕಯಂತ್ರದಲ್ಲಿಯೂ ಅಲ್ಲ, ಮನುಷ್ಯನ ನರಮಂಡಲದ ವಿಚಾರದಲ್ಲಿ ಎಂಬುದು ಕುತೂಹಲಕರ. 1943ರಲ್ಲಿ ವಾರೆನ್ ಮೆಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬಿಬ್ಬರು ನರಕೋಶಗಳ ಜಾಲವನ್ನು ತರ್ಕಶಾಸ್ತ್ರದ ಭಾಷೆಯಲ್ಲಿ ವಿವರಿಸಿದರು. ಇಂಥ ಜಾಲವೊಂದು ಯಾವ ಯಾವ ಘಟನಾಸರಣಿಗಳನ್ನು ಗುರುತಿಸಬಲ್ಲದು ಎಂಬ ಪ್ರಶ್ನೆಯನ್ನು ಗಣಿತತರ್ಕಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ಎತ್ತಿಕೊಂಡರು. ಅವರ ಪ್ರಬಂಧ 1956ರಲ್ಲಿ ಪ್ರಕಟವಾಯಿತು. ಅಂಥ ಸರಣಿಗಳನ್ನು ಮೂರು ಕ್ರಿಯೆಗಳಿಂದ ಕಟ್ಟಬಹುದೆಂದು ಕ್ಲೀನಿ ತೋರಿಸಿದರು: ಒಂದಾದ ಮೇಲೆ ಒಂದು ಬರುವುದು, ಇದು ಅಥವಾ ಅದು ಬರುವುದು, ಒಂದೇ ಅಂಶ ಎಷ್ಟು ಬಾರಿಯಾದರೂ ಮರುಕಳಿಸುವುದು. ಮರುಕಳಿಕೆಯನ್ನು ಸೂಚಿಸಲು ಅವರು ಬಳಸಿದ ನಕ್ಷತ್ರ ಚಿಹ್ನೆ ಇಂದಿಗೂ ಉಳಿದುಬಂದಿದೆ. ಈ ಬಗೆಯ ಸೂತ್ರಗಳಿಗೆ ‘ರೆಗ್ಯುಲರ್ ಎಕ್ಸ್‌ಪ್ರೆಷನ್’ ಎಂದು ಹೆಸರಾಯಿತು. ಕನ್ನಡದಲ್ಲಿ ‘ವಿನ್ಯಾಸಸೂತ್ರ’ ಎಂದು ಕರೆದರೆ ಅರ್ಥ ಹೊಂದುತ್ತದೆ.

ಸೂತ್ರ ಎಂಬ ಪದವನ್ನು ಇಲ್ಲಿ ಬೇಕೆಂದೇ ಬಳಸಿದೆ. ವ್ಯಾಕರಣದ ಸೂತ್ರದಂತೆ ಇದೂ ಅಲ್ಪಾಕ್ಷರಗಳಲ್ಲಿ ಅನೇಕ ರೂಪಗಳನ್ನು ಅಡಗಿಸಿಕೊಂಡಿರುತ್ತದೆ. ‘[ಪಬಹ]ನಿ’ ಎಂದು ಬರೆದರೆ, ಆವರಣದೊಳಗಿನ ಮೂರು ಅಕ್ಷರಗಳಲ್ಲಿ ಯಾವುದಾದರೊಂದು ಬಂದು ಅದರ ಮುಂದೆ ‘ನಿ’ ಇರಬೇಕೆಂದು ಅರ್ಥ. ಹಳಗನ್ನಡದ ‘ಪನಿ’, ಹೊಸಗನ್ನಡದ ‘ಹನಿ’, ಸಮಾಸದಲ್ಲಿ ಆದೇಶವಾಗಿ ಬಂದ ‘ಕಂಬನಿ’ ಈ ಮೂರೂ ಈ ಒಂದೇ ಸೂತ್ರಕ್ಕೆ ಸಿಕ್ಕುತ್ತವೆ.

ಗಣಿತದ ಈ ಸೂತ್ರವನ್ನು ಪಠ್ಯಶೋಧನೆಗೆ ತಂದವರು ಕೆನ್ ಥಾಂಪ್ಸನ್. ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯವನ್ನು 1966ರಲ್ಲಿ ಸೇರಿದ ಅವರು ‘ಕ್ಯೂಇಡಿ’ ಎಂಬ ಪಠ್ಯಸಂಪಾದಕ ತಂತ್ರಾಂಶಕ್ಕೆ ವಿನ್ಯಾಸಸೂತ್ರಗಳಿಂದ ಹುಡುಕುವ ಶಕ್ತಿಯನ್ನು ನೀಡಿದರು. ಕೊಟ್ಟ ಸೂತ್ರವನ್ನು ಐಬಿಎಂ 7094 ಯಂತ್ರದ ಆದೇಶಗಳನ್ನಾಗಿ ಮಾರ್ಪಡಿಸಿ, ಪಠ್ಯದಲ್ಲಿ ಹಿಂದಕ್ಕೆ ಮರಳದೆ ಒಂದೇ ಓಟದಲ್ಲಿ ಸಾಧ್ಯವಿರುವ ಎಲ್ಲ ಹೊಂದಿಕೆಗಳನ್ನೂ ಜೊತೆಜೊತೆಯಾಗಿ ಹಿಂಬಾಲಿಸುವ ವಿಧಾನವನ್ನು ಅವರು 1968ರಲ್ಲಿ ಪ್ರಕಟಿಸಿದರು. ಮುಂದೆ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟುವಾಗ ಅದಕ್ಕಾಗಿ ಅವರೇ ಬರೆದ ‘ಎಡ್’ ಎಂಬ ಚಿಕ್ಕ ಸಂಪಾದಕಕ್ಕೂ ಈ ಶಕ್ತಿ, ಸ್ವಲ್ಪ ಸರಳಗೊಂಡು, ಬಂದಿತು.

3

ಇನ್ನು ಗ್ರೆಪ್ಪಿನ ಜನನ. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಪ್ರಕಟವಾಗತೊಡಗಿದ 85 ಲೇಖನಗಳಿಗೆ ‘ಫೆಡರಲಿಸ್ಟ್’ ಲೇಖನಗಳೆಂದು ಹೆಸರು. ಇವೆಲ್ಲವೂ ‘ಪಬ್ಲಿಯಸ್’ ಎಂಬ ಒಂದೇ ಅಂಕಿತದಲ್ಲಿವೆ. ಬರೆದವರು ಮಾತ್ರ ಮೂವರು: ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್, ಜಾನ್ ಜೇ. ಇವುಗಳಲ್ಲಿ 12 ಲೇಖನಗಳ ಕರ್ತೃ ಹ್ಯಾಮಿಲ್ಟನ್ನೋ ಮ್ಯಾಡಿಸನ್ನೋ ಎಂಬುದು ಬಹುಕಾಲ ವಿವಾದವಾಗಿತ್ತು. ಸಂಖ್ಯಾಶಾಸ್ತ್ರಜ್ಞರಾದ ಫ್ರೆಡರಿಕ್ ಮೋಸ್ಟೆಲ್ಲರ್ ಮತ್ತು ಡೇವಿಡ್ ವ್ಯಾಲೇಸ್ 1964ರ ತಮ್ಮ ಗ್ರಂಥದಲ್ಲಿ ಆ ಹನ್ನೆರಡೂ ಮ್ಯಾಡಿಸನ್ನನವೇ ಆಗಿರುವ ಸಂಭವ ಬಲವಾಗಿದೆಯೆಂದು ತೋರಿಸಿದರು. ಅವರು ಹಿಡಿದದ್ದು ವಿಷಯವನ್ನಲ್ಲ, ವಿಚಾರವನ್ನಲ್ಲ, ಲೇಖಕ ತನಗರಿವಿಲ್ಲದೆ ಬಳಸುವ ಸಣ್ಣಪುಟ್ಟ ಪದಗಳನ್ನು. ‘ಅಪಾನ್’ ಎಂಬ ಪದ ಹ್ಯಾಮಿಲ್ಟನ್ನನ ಬರಹದಲ್ಲಿ ಸಾವಿರ ಪದಗಳಿಗೆ ಸುಮಾರು ಮೂರು ಬಾರಿ ಬಂದರೆ, ಮ್ಯಾಡಿಸನ್ನನಲ್ಲಿ ತೀರ ಅಪರೂಪ. ಆ ಎಣಿಕೆಯ ಆರಂಭದ ಹಂತ ಕಾಗದದ ಚೀಟಿಗಳಲ್ಲಿಯೇ ನಡೆಯಿತು. ಜೋರಾಗಿ ಉಸಿರು ಬಿಟ್ಟರೆ ಚೀಟಿಗಳೆಲ್ಲ ಹಾರಿಹೋಗುತ್ತಿದ್ದುವೆಂದು ಅವರು ನೆನೆದಿದ್ದಾರೆ. ಚೀಟಿಗಳೊಡನೆ ಏಗಿದ ನಮಗೆ ಆ ಕಷ್ಟ ಹೊಸದಲ್ಲ.

ಬೆಲ್ ಪ್ರಯೋಗಾಲಯದಲ್ಲಿ ಲೀ ಮೆಕ್‌ಮ್ಯಾನ್ ಎಂಬವರು ಇದೇ ಲೇಖನಗಳ ಕರ್ತೃತ್ವವನ್ನು ಗಣಕದ ಮೂಲಕ ಪರೀಕ್ಷಿಸಲು ತೊಡಗಿದರು. ಅವರಿಗೆ ಎದುರಾದ ತೊಡಕು ಹೀಗಿತ್ತು. ‘ಎಡ್’ ಸಂಪಾದಕದಲ್ಲಿ ಹುಡುಕಬೇಕಾದರೆ ಕಡತವನ್ನೆಲ್ಲ ಮೊದಲು ಅದರೊಳಕ್ಕೆ ತಂದುಕೊಳ್ಳಬೇಕು. ಫೆಡರಲಿಸ್ಟ್ ಲೇಖನಗಳ ಪಠ್ಯ ಒಂದು ಮೆಗಾಬೈಟಿಗಿಂತ ಹೆಚ್ಚು. ಅಂದಿನ ಪಿಡಿಪಿ-11 ಯಂತ್ರದಲ್ಲಿ ಒಂದು ತಂತ್ರಾಂಶಕ್ಕೆ ದಕ್ಕುತ್ತಿದ್ದ ಸ್ಮೃತಿಯಾದರೋ 64 ಕಿಲೋಬೈಟಿನಷ್ಟು. ಪರಿಹಾರವಾಗಿ ಥಾಂಪ್ಸನ್ ‘ಎಡ್’ನೊಳಗಿನ ಶೋಧನಭಾಗವನ್ನು ಮಾತ್ರ ಬೇರ್ಪಡಿಸಿ ಸ್ವತಂತ್ರ ತಂತ್ರಾಂಶವನ್ನಾಗಿ ಮಾಡಿದರು. ಅದು ಕಡತವನ್ನು ಒಳಗಿಟ್ಟುಕೊಳ್ಳುವುದಿಲ್ಲ. ಒಂದೊಂದೇ ಸಾಲನ್ನು ಓದಿ, ಸೂತ್ರಕ್ಕೆ ಹೊಂದಿದರೆ ಹೊರಹಾಕಿ, ಹೊಂದದಿದ್ದರೆ ಮರೆತು, ಮುಂದಿನ ಸಾಲಿಗೆ ಹೋಗುತ್ತದೆ. ಆದ್ದರಿಂದ ಕಡತ ಎಷ್ಟು ದೊಡ್ಡದಾದರೂ ಅದಕ್ಕೆ ಭಾರವಿಲ್ಲ.

ಹೆಸರಿನ ನಿಷ್ಪತ್ತಿಯೂ ‘ಎಡ್’ನಿಂದಲೇ. ಆ ಸಂಪಾದಕದಲ್ಲಿ ‘ಜಿ’ ಎಂದರೆ ‘ಗ್ಲೋಬಲ್’, ಕಡತದುದ್ದಕ್ಕೂ ಎಂದರ್ಥ. ಅದರ ಮುಂದೆ ಎರಡು ಓರೆಗೆರೆಗಳ ನಡುವೆ ವಿನ್ಯಾಸಸೂತ್ರ, ಎಂದರೆ ‘ಆರ್‌ಇ’. ಕೊನೆಗೆ ‘ಪಿ’, ಎಂದರೆ ‘ಪ್ರಿಂಟ್’. ಈ ಆದೇಶದ ಅಕ್ಷರಗಳನ್ನು ಕೂಡಿಸಿ ಓದಿದರೆ ‘ಗ್ರೆಪ್’. ಅಂದು ಯಂತ್ರದ ಉತ್ತರ ಪರದೆಯ ಮೇಲಲ್ಲ, ಟೆಲಿಟೈಪಿನ ಕಾಗದದ ಮೇಲೆ ನಿಜವಾಗಿಯೂ ಅಚ್ಚಾಗುತ್ತಿದ್ದುದರಿಂದ ‘ಪ್ರಿಂಟ್’ ಎಂಬ ಮಾತು ಅನ್ವರ್ಥವಾಗಿತ್ತು. 1973ರ ನವೆಂಬರಿನ ಯೂನಿಕ್ಸ್ ನಾಲ್ಕನೆಯ ಆವೃತ್ತಿಯಲ್ಲಿ ಗ್ರೆಪ್ ಮೊದಲ ಬಾರಿಗೆ ಸೇರಿತು.

ಆದರೆ ಈ ಜನನಕಥೆಗೆ ಪಾಠಾಂತರವೊಂದಿದೆ. ಅದೇ ಪ್ರಯೋಗಾಲಯದ ಡಗ್ ಮೆಕ್‌ಇಲ್‌ರಾಯ್ ಕಡತಗಳಲ್ಲಿ ಹುಡುಕುವ ಸಲಕರಣೆಯೊಂದನ್ನು ಬರೆದುಕೊಡಲು ಥಾಂಪ್ಸನ್ನರನ್ನು ಕೇಳಿದರೆಂದೂ, ರಾತ್ರಿ ಯೋಚಿಸಿ ನೋಡುತ್ತೇನೆಂದು ಹೇಳಿ ಅವರು ಮರುದಿನ ಗ್ರೆಪ್ಪನ್ನು ಕೊಟ್ಟರೆಂದೂ ಪ್ರತೀತಿ. ಥಾಂಪ್ಸನ್ನರ ಹೇಳಿಕೆಯಂತೆ ಅಂಥ ತಂತ್ರಾಂಶ ಅದಕ್ಕೆ ಮೊದಲೇ ಅವರ ಖಾಸಗಿ ಬಳಕೆಯಲ್ಲಿ ‘ಎಸ್’ ಎಂಬ ಒಂದಕ್ಷರದ ಹೆಸರಿನಿಂದ ಇತ್ತು. ಆ ರಾತ್ರಿ ಒಂದು ಗಂಟೆಯಷ್ಟು ಹೊತ್ತು ತಿದ್ದಿ ಒಪ್ಪಗೊಳಿಸಿದ್ದಷ್ಟೇ. ಮೆಕ್‌ಮ್ಯಾನರ ಅಗತ್ಯ, ಮೆಕ್‌ಇಲ್‌ರಾಯ್ ಅವರ ಕೋರಿಕೆ, ಥಾಂಪ್ಸನ್ನರ ಖಾಸಗಿ ಸಲಕರಣೆ ಈ ಮೂರು ಎಳೆಗಳೂ ಸಂಬಂಧಪಟ್ಟವರ ಮತ್ತು ಅವರ ಸಹೋದ್ಯೋಗಿಗಳ ನೆನಪಿನಿಂದ ಬಂದವು. ಘಟನೆಗೆ ಸಾಕ್ಷಿಗಳಾದವರ ನೆನಪೇ ಹೀಗೆ ಕವಲೊಡೆಯುವುದಾದರೆ, ಕವಿಚರಿತೆಯಲ್ಲಿ ಶತಮಾನಗಳ ಅನಂತರ ದಾಖಲಾದ ಐತಿಹ್ಯಗಳನ್ನು ನಾವು ಎಷ್ಟು ಎಚ್ಚರದಿಂದ ಓದಬೇಕೆಂಬುದು ತಾನಾಗಿ ತಿಳಿಯುತ್ತದೆ. ಈ ಎಳೆಗಳು ಒಂದನ್ನೊಂದು ಖಂಡಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ‘ಒಂದೇ ರಾತ್ರಿಯಲ್ಲಿ ಹುಟ್ಟಿತು’ ಎಂಬ ಭಾಗ ಮಾತ್ರ ಐತಿಹ್ಯದ ಸಹಜವಾದ ಅತಿಶಯ.

4

ಗ್ರೆಪ್ಪಿನ ಸಂತತಿ ಬೇಗನೆ ಬೆಳೆಯಿತು. ಮೊದಲ ಗ್ರೆಪ್ಪಿನಲ್ಲಿ ‘ಇದು ಅಥವಾ ಅದು’ ಎಂಬ ಕ್ಲೀನಿಯ ಎರಡನೆಯ ಕ್ರಿಯೆಗೆ ಪೂರ್ಣ ಅವಕಾಶವಿರಲಿಲ್ಲ. ಆಲ್ಫ್ರೆಡ್ ಏಹೋ ರಚಿಸಿದ ‘ಈಗ್ರೆಪ್’ ಅದನ್ನು ಒದಗಿಸಿತು. ಪದಗಳ ದೊಡ್ಡ ಪಟ್ಟಿಯೊಂದನ್ನು ಒಮ್ಮೆಗೇ ಹುಡುಕುವ ‘ಎಫ್‌ಗ್ರೆಪ್’ಗೆ ಆಧಾರವಾದದ್ದು ಏಹೋ ಮತ್ತು ಮಾರ್ಗರೆಟ್ ಕೊರಾಸಿಕ್ 1975ರಲ್ಲಿ ಪ್ರಕಟಿಸಿದ ವಿಧಾನ. ಗ್ರಂಥಸೂಚಿಗಳಲ್ಲಿ ಶೀರ್ಷಿಕೆಗಳನ್ನು ಹುಡುಕುವ ಅಗತ್ಯದಿಂದ ಅದು ಹುಟ್ಟಿತೆಂಬುದು ಗ್ರಂಥಾಲಯಗಳನ್ನು ಆಶ್ರಯಿಸಿದ ನಮಗೆ ಸಂತೋಷದ ಸಂಗತಿ. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಈ ಮೂರು ಸೋದರರೂ ಒಟ್ಟಿಗೆ ಇದ್ದರು. 1977ರಲ್ಲಿ ರಾಬರ್ಟ್ ಬಾಯರ್ ಮತ್ತು ಸ್ಟ್ರೋದರ್ ಮೂರ್ ಹುಡುಕುವ ಪದವನ್ನು ಕೊನೆಯ ಅಕ್ಷರದಿಂದ ಹೋಲಿಸುತ್ತ, ಹೊಂದದ ಕಡೆ ಪಠ್ಯದ ಹಲವು ಅಕ್ಷರಗಳನ್ನು ನೋಡದೆಯೇ ದಾಟುವ ಉಪಾಯವನ್ನು ತೋರಿಸಿದರು. ಮೈಕ್ ಹರ್ಟೆಲ್ 1980ರ ದಶಕದ ಕೊನೆಯಲ್ಲಿ ರಚಿಸಿದ ಗ್ನೂ ಗ್ರೆಪ್ಪಿನ ವೇಗಕ್ಕೆ ಈ ಉಪಾಯವೇ ಮುಖ್ಯ ಕಾರಣ. 1990ರ ದಶಕದ ಆರಂಭದಲ್ಲಿ ಸುನ್ ವು ಮತ್ತು ಊದಿ ಮಾನ್ಬರ್ ರಚಿಸಿದ ‘ಎಗ್ರೆಪ್’ ಒಂದೆರಡು ಅಕ್ಷರದೋಷಗಳಿದ್ದರೂ ಹತ್ತಿರದ ರೂಪವನ್ನು ಹುಡುಕಿಕೊಡುತ್ತಿತ್ತು. 2016ರಲ್ಲಿ ಆಂಡ್ರ್ಯೂ ಗ್ಯಾಲಂಟ್ ಪ್ರಕಟಿಸಿದ ‘ರಿಪ್‌ಗ್ರೆಪ್’ ಈ ವಂಶದ ಈಚಿನ ಪ್ರಸಿದ್ಧ ಕುಡಿ. ಪದಗಳನ್ನು ಹುಡುಕಲೆಂದು ಹುಟ್ಟಿದ ಈ ಪದ 2003ರಲ್ಲಿ ತಾನೇ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ನಾಮಪದವಾಗಿಯೂ ಕ್ರಿಯಾಪದವಾಗಿಯೂ ಸ್ಥಾನ ಪಡೆಯಿತು.

5

ಈ ಚರಿತ್ರೆಯಿಂದ ಕನ್ನಡ ಸಂಶೋಧಕರಿಗೆ ಆಗಬೇಕಾದುದೇನು? ಮೊದಲಿಗೆ ಕರ್ತೃತ್ವದ ಪ್ರಶ್ನೆ. ಮೂವರು ಬರೆದುದು ‘ಪಬ್ಲಿಯಸ್’ ಎಂಬ ಒಂದೇ ಹೆಸರಿನಲ್ಲಿ ನಿಂತಂತೆ, ಒಂದೇ ಅಂಕಿತದಡಿಯಲ್ಲಿ ಹಲವರ ರಚನೆಗಳು ಸೇರಿಕೊಂಡಿರಬಹುದೆಂಬ ಶಂಕೆ ವಚನಸಾಹಿತ್ಯದಲ್ಲಿ ಹಳೆಯದು. ಅಂಕಿತವನ್ನು ಹುಡುಕುವುದೇನೋ ಗ್ರೆಪ್ಪಿಗೆ ಸುಲಭ. ‘ಗ[ುೊ]ಹೇಶ್ವರ’ ಎಂಬ ಸೂತ್ರ ‘ಗುಹೇಶ್ವರ’, ‘ಗೊಹೇಶ್ವರ’ ಎಂಬ ಎರಡು ಪಾಠಗಳನ್ನೂ ಒಟ್ಟಿಗೆ ತರುತ್ತದೆ. ಅಂಕಿತವನ್ನು ಬಿಟ್ಟು ‘ನೋಡಾ’, ‘ಕಾಣಾ’, ‘ಅಯ್ಯಾ’ ಮುಂತಾದ ಸಣ್ಣ ಪದಗಳನ್ನು ಎಣಿಸಿ ಕರ್ತೃವನ್ನು ಗುರುತಿಸಬಹುದೆ? ಇಲ್ಲಿ ಎಚ್ಚರ ಬೇಕು. ಫೆಡರಲಿಸ್ಟ್ ಲೇಖನಗಳು ಬರೆದ ಕೂಡಲೇ ಅಚ್ಚಾದುವು. ವಚನಗಳ ದೊರೆತ ಹಸ್ತಪ್ರತಿಗಳಾದರೋ ರಚನೆಯ ಕಾಲಕ್ಕಿಂತ ಶತಮಾನಗಳಷ್ಟು ಈಚಿನವು. ಪ್ರತಿಕಾರನು ಅತ್ಯಂತ ಸಲೀಸಾಗಿ ಸೇರಿಸುವುದೂ ಬಿಡುವುದೂ ಇಂಥ ಸಣ್ಣ ಪದಗಳನ್ನೇ. ಅಲ್ಲಿ ಲೇಖಕನ ಗುರುತಾಗಿದ್ದುದು ಇಲ್ಲಿ ಲಿಪಿಕಾರನ ಗುರುತಾಗಿ ಬಿಡಬಹುದು. ಸಲಕರಣೆಯನ್ನು ಎರವಲು ತರಬಹುದು, ತೀರ್ಮಾನದ ಕ್ರಮವನ್ನು ಹಾಗೆಯೇ ತರಲಾಗದು.

ಎರಡನೆಯದು ಸಂಧಿಯ ಪ್ರಶ್ನೆ. ‘ಕಾಲ’ ಎಂದು ಹುಡುಕಿದರೆ ‘ಮಳೆಗಾಲ’ ಸಿಕ್ಕುವುದಿಲ್ಲ. ‘ಕಾಲ|ಗಾಲ’ ಎಂದು ವಿಕಲ್ಪವಿಟ್ಟು ಹುಡುಕಿದರೆ ‘ಮಳೆಗಾಲ’ ಸಿಕ್ಕುತ್ತದೆ. ಜೊತೆಗೆ ಬೇಡದ ‘ಗಾಲಿ’ಯೂ ಬರುತ್ತದೆ, ಏಕೆಂದರೆ ಯಂತ್ರದ ಪಾಲಿಗೆ ‘ಲಿ’ ಎಂಬುದು ‘ಲ’ ಮತ್ತು ಗುಡಿಸು ಎಂಬ ಎರಡು ಘಟಕಗಳು. ಬೇಡದ್ದು ಬಂದರೆ ಕಣ್ಣಿಗೆ ಕಾಣುವುದರಿಂದ ತೆಗೆದುಹಾಕಬಹುದು. ಬೇಕಾದ್ದು ಬಾರದಿದ್ದರೆ ಅದು ಕಾಣುವುದೇ ಇಲ್ಲ. ಆದ್ದರಿಂದ ಸೂತ್ರವನ್ನು ಕೊಂಚ ಸಡಿಲವಾಗಿಯೇ ಬರೆಯುವುದು ಕ್ಷೇಮ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಅಕ್ಷರಸಂಕೇತದ ಪ್ರಶ್ನೆ. ಯೂನಿಕೋಡಿನಲ್ಲಿ ‘ಕೋ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಘಟಕವಾಗಿಯೂ ಮೂರು ಬಿಡಿ ಘಟಕಗಳಾಗಿಯೂ ಬರೆದಿಡಬಹುದು. ಕಣ್ಣಿಗೆ ಎರಡೂ ಒಂದೇ. ಗ್ರೆಪ್ಪಿಗೆ ಬೇರೆ ಬೇರೆ. ಪದಗಳ ನಡುವೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳಿದ್ದರೂ ಇದೇ ಗತಿ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳಲ್ಲಂತೂ ತೆರೆಯ ಮೇಲೆ ಕನ್ನಡವಿದ್ದರೂ ಒಳಗಿರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಗೊಂಚಲು. ಕನ್ನಡದ ಪ್ರತಿಯೊಂದು ಘಟಕವನ್ನು ಮೂರು ಬೈಟುಗಳಲ್ಲಿ ಬರೆಯುವ ‘ಯುಟಿಎಫ್-8’ ಕ್ರಮವನ್ನು 1992ರಲ್ಲಿ ರಾಬ್ ಪೈಕ್ ಅವರೊಡನೆ ರೂಪಿಸಿದವರೂ ಕೆನ್ ಥಾಂಪ್ಸನ್ನರೇ ಎಂಬುದು ಸ್ಮರಣೀಯ. ಗ್ರೆಪ್ಪಿಗೆ ಈ ಕ್ರಮವನ್ನು ಪಾಲಿಸೆಂದು ಭಾಷಾವ್ಯವಸ್ಥೆಯಲ್ಲಿ ತಿಳಿಸದಿದ್ದರೆ, ಅದು ‘[ಪಬಹ]’ ಎಂಬುದನ್ನು ಮೂರು ಅಕ್ಷರಗಳೆಂದು ಓದದೆ ಬಿಡಿ ಬೈಟುಗಳೆಂದು ಓದುತ್ತದೆ, ಫಲಿತಾಂಶ ಅಸಂಬದ್ಧವಾಗುತ್ತದೆ.

ಇಲ್ಲಿ ಒಂದು ಅನುಭವವನ್ನು ಹೇಳುವುದು ಅಗತ್ಯ. ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿದ್ದ ಸಂಶೋಧನ ವಿದ್ಯಾರ್ಥಿಯೊಬ್ಬರು ಹಳಗನ್ನಡ ಕಾವ್ಯವೊಂದರ ಎರಡಕ್ಷರದ ಪದಗಳ ಪಟ್ಟಿಯನ್ನು ಗ್ರೆಪ್ಪಿನಿಂದ ಸಿದ್ಧಪಡಿಸಿ ತಂದರು. ಪಟ್ಟಿ ಅಚ್ಚುಕಟ್ಟಾಗಿತ್ತು, ಅದರ ಆಧಾರದ ಮೇಲೆ ಒಂದು ಅಧ್ಯಾಯವೂ ಸಿದ್ಧವಾಗಿತ್ತು. ರುಜು ಹಾಕುವ ಮುನ್ನ ಕಣ್ಣಾಡಿಸುವಾಗ, ಯುದ್ಧವರ್ಣನೆಯುಳ್ಳ ಅಷ್ಟು ದೊಡ್ಡ ಕಾವ್ಯದಲ್ಲಿ ‘ಮೞೆ’ಯಾಗಲಿ ‘ಏೞು’ ಎಂಬ ಸಂಖ್ಯೆಯಾಗಲಿ ಒಮ್ಮೆಯೂ ಬಂದಿಲ್ಲವೆಂಬುದು ವಿಚಿತ್ರವಾಗಿ ತೋರಿತು. ಪುಸ್ತಕ ತೆರೆದರೆ ಎರಡೂ ಇದ್ದುವು. ಕಾರಣವನ್ನು ಹುಡುಕಿದಾಗ ತಿಳಿದದ್ದು ಇಷ್ಟು: ವಿದ್ಯಾರ್ಥಿ ವ್ಯಂಜನಗಳನ್ನೆಲ್ಲ ‘[ಕ-ಹ]’ ಎಂದು ಸೂಚಿಸಿದ್ದರು. ಯೂನಿಕೋಡಿನ ದಶಮಾನ ಸಂಖ್ಯೆಯಲ್ಲಿ ‘ಕ’ 3221, ‘ಹ’ 3257. ಶಕಟರೇಫವಾದ ‘ಱ’ 3249, ಆ ವ್ಯಾಪ್ತಿಯೊಳಗೇ ಇದೆ. ರಳವಾದ ‘ೞ’ ಮಾತ್ರ 3294, ಸ್ವರಚಿಹ್ನೆಗಳನ್ನೂ ದಾಟಿ ಊರ ಹೊರಗೆ ನಿಂತಿದೆ. ಅಷ್ಟೇ ಅಲ್ಲ, ಆ ಕೋಷ್ಟಕದಲ್ಲಿ ಅದಕ್ಕೆ ಕೊಟ್ಟಿರುವ ಹೆಸರು ‘ಫ’ ಎಂದು! ಅದು ತಪ್ಪೆಂದು ಯೂನಿಕೋಡಿನವರೇ ಟಿಪ್ಪಣಿ ಬರೆದಿದ್ದಾರೆ. ಆದರೆ ಒಮ್ಮೆ ಗೊತ್ತುಪಡಿಸಿದ ಹೆಸರನ್ನು ಬದಲಿಸಬಾರದೆಂಬ ಅವರ ನಿಯಮದಿಂದಾಗಿ ತಪ್ಪು ಹಾಗೆಯೇ ಉಳಿದಿದೆ. ರಳ, ಕುಳ, ಕ್ಷಳಗಳ ಭೇದವನ್ನು ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಪದಗಳ ಪಟ್ಟಿಸಹಿತ ನಿರೂಪಿಸಿದ್ದನು. ಏಳು ಶತಮಾನಗಳ ಅನಂತರ ಆ ಅಕ್ಷರ ವ್ಯಂಜನಗಳ ಸಾಲಿನಿಂದ ಹೊರಗುಳಿಯಿತು. ಅದರಿಂದಾಗಿ ಒಂದು ಪ್ರಬಂಧ ತಪ್ಪು ಹೇಳುವುದರಲ್ಲಿತ್ತು. ಸೂತ್ರವನ್ನು ‘[ಕ-ಹೞ]’ ಎಂದು ತಿದ್ದಿದ ಮೇಲೆ ಪಟ್ಟಿ ಸರಿಹೋಯಿತು. ಅಧ್ಯಾಯವನ್ನು ಮಾತ್ರ ಮತ್ತೆ ಬರೆಯಬೇಕಾಯಿತು.

ಗ್ರೆಪ್ ಸಾಲನ್ನೇ ಘಟಕವಾಗಿ ಹಿಡಿಯುವುದರಿಂದ ಉಂಟಾಗುವ ಇನ್ನೊಂದು ಮಿತಿಯನ್ನೂ ಹೇಳಬೇಕು. ನಮ್ಮ ದ್ವಿತೀಯಾಕ್ಷರ ಪ್ರಾಸ ಪಾದದಿಂದ ಪಾದಕ್ಕೆ ಸಾಗುವಂಥದು. ಹಿಂದೆ ಬಂದ ಅಕ್ಷರವೇ ಮತ್ತೆ ಬರಬೇಕೆಂದು ಗ್ರೆಪ್ಪಿಗೆ ಹೇಳುವ ಸಂಕೇತವಿದ್ದರೂ ಅದು ಒಂದು ಸಾಲಿನೊಳಗಷ್ಟೇ ಸಲ್ಲುತ್ತದೆ. ಪ್ರಾಸಭಂಗವನ್ನು ಹುಡುಕಬೇಕಾದರೆ ಪದ್ಯದ ಪಾದಗಳನ್ನೆಲ್ಲ ಮೊದಲು ಒಂದೇ ಸಾಲಾಗಿ ಕೂಡಿಸಿಕೊಳ್ಳಬೇಕು. ಒಂದು ಮೆಗಾಬೈಟಿನ ಕಡತವನ್ನು ಚಿಕ್ಕ ಯಂತ್ರದಲ್ಲಿ ಓದಬೇಕಾದ 1970ರ ದಶಕದ ಇಕ್ಕಟ್ಟು ಇಂದಿಗೂ ಆ ಸಲಕರಣೆಯ ಸ್ವಭಾವದಲ್ಲಿ ಉಳಿದಿದೆ.

6

ಕರ್ನಾಟಕದ ಹೊರಗೆ, ಮುಂಬಯಿ, ದೆಹಲಿ, ಹೈದರಾಬಾದುಗಳಂಥ ನಗರಗಳಲ್ಲಿ ಕನ್ನಡ ಸಂಶೋಧನೆ ನಡೆಸುವವರಿಗೆ ಈ ವಿಚಾರ ವಿಶೇಷವಾಗಿ ಪ್ರಸ್ತುತ. ಬೇಕಾದ ಆಕರಗ್ರಂಥ ಪಕ್ಕದ ಕಪಾಟಿನಲ್ಲಿ ದೊರೆಯುವ ಅನುಕೂಲ ನಮಗಿಲ್ಲ. ಗಣಕಕ್ಕೆ ಇಳಿಸಿಕೊಂಡ ಪಠ್ಯಗಳ ಕಡತಗಳೇ ಎಷ್ಟೋ ಸಲ ನಮ್ಮ ಗ್ರಂಥಾಲಯ. ಹೀಗಿರುವಾಗ ಯಂತ್ರ ಹೇಳಿದ ‘ಇಲ್ಲ’ವನ್ನು ಪುಸ್ತಕದೊಡನೆ ತಾಳೆನೋಡುವ ಅವಕಾಶವೂ ನಮಗೆ ಕಡಿಮೆ; ಮೋಸಹೋಗುವ ಸಂಭವ ಹೆಚ್ಚು.

ಗ್ರೆಪ್ ಸುಳ್ಳು ಹೇಳುವುದಿಲ್ಲ. ಹೊಂದುವ ಸಾಲು ಇಲ್ಲದಿದ್ದರೆ ಅದು ಏನನ್ನೂ ಹೇಳದೆ ಸುಮ್ಮನಾಗುತ್ತದೆ. ಆ ಮೌನಕ್ಕೆ ‘ಈ ಕಡತದಲ್ಲಿ, ಈ ಸಂಕೇತದಲ್ಲಿ, ಈ ಸೂತ್ರಕ್ಕೆ ಹೊಂದುವ ಸಾಲಿಲ್ಲ’ ಎಂದಷ್ಟೇ ಅರ್ಥ. ಅದನ್ನು ‘ಈ ಕವಿಯಲ್ಲಿ ಈ ಪದವಿಲ್ಲ’ ಎಂದು ಅನುವಾದಿಸುವವರು ನಾವು. ಆ ಅನುವಾದದ ಹೊಣೆಯೂ ನಮ್ಮದೇ. ಗ್ರಂಥಸಂಪಾದನೆಯಲ್ಲಿ ಓಲೆಗರಿಯ ಉದ್ದಗಲ, ಗರಿಗಳ ಸಂಖ್ಯೆ, ಲಿಪಿಯ ಸ್ವರೂಪ, ಪ್ರತಿ ದೊರೆತ ಸ್ಥಳಗಳನ್ನು ಪೀಠಿಕೆಯಲ್ಲಿ ದಾಖಲಿಸುವ ಶಿಸ್ತನ್ನು ನಮ್ಮ ಹಿರಿಯರು ಬೆಳೆಸಿದರು. ಅದೇ ಶಿಸ್ತನ್ನು ಗಣಕಶೋಧನೆಗೂ ವಿಸ್ತರಿಸಬೇಕು. ಯಾವ ಮುದ್ರಣವನ್ನು ಆಧರಿಸಿದ ಕಡತ, ಅದರ ಅಕ್ಷರಸಂಕೇತ ಯಾವುದು, ರಳ ಮತ್ತು ಶಕಟರೇಫಗಳನ್ನು ಅದರಲ್ಲಿ ಉಳಿಸಿಕೊಂಡಿದೆಯೆ, ಹುಡುಕಿದ ಸೂತ್ರದ ಅಕ್ಷರಶಃ ಪಾಠವೇನು ಎಂಬ ನಾಲ್ಕು ಸಂಗತಿಗಳನ್ನು ಪ್ರತಿಯೊಂದು ಪ್ರಬಂಧವೂ ನಮೂದಿಸುವಂತಾಗಬೇಕು. ಆಗ ಒಬ್ಬರು ಹೇಳಿದ ‘ದೊರೆಯುವುದಿಲ್ಲ’ ಎಂಬ ಮಾತನ್ನು ಮತ್ತೊಬ್ಬರು ಅದೇ ಸಾಲನ್ನು ಬೆರಳಚ್ಚಿಸಿ ಪರೀಕ್ಷಿಸಬಹುದು. ಬೂಟಿನ ಪೆಟ್ಟಿಗೆಯ ಚೀಟಿಗಳಿಗೆ ಈ ಅನುಕೂಲವಿರಲಿಲ್ಲ. ಅವುಗಳ ‘ಇಲ್ಲ’ವನ್ನು ಚೀಟಿ ಬರೆದವರ ಮೇಲಿನ ವಿಶ್ವಾಸದಿಂದ ಒಪ್ಪಬೇಕಾಗಿತ್ತು. ಈ ದಿಕ್ಕಿನಲ್ಲಿ ನಮ್ಮ ಕನ್ನಡ ಪೀಠಗಳೂ ಅಧ್ಯಯನ ವಿಭಾಗಗಳೂ ಯೋಚಿಸುವುದು ಅಗತ್ಯವೆಂದು ತೋರುತ್ತದೆ.